ಉಗುರುಗಳ ನಡುವಿನ ಕಿಂಡಿ

ಆ ಭಾನುವಾರ ಮಗ್ಗಕ್ಕೆ ರಜೆ. ಬೆಟಗೇರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಯಜಮಾನರ ಉಗುರು ತೆಗೆಯುತ್ತಿದ್ದೆ. ಒಂದೆರಡು ವರ್ಷದಿಂದ ಅವರ ಬೆರಳ ತುದಿಗಳು ದುಂಡಗಾಗಿ, ಉಗುರು ಕೆಳಕ್ಕೆ ಬಾಗಿದ್ದವು.

“ಗಿಳಿ ಮೂಗಿನಂಗ ಆಗ್ಯಾವಲ್ರಿ ಇವು,” ಎಂದೆ.

“ನೇಕಾರನ ಕೈ ಇದು. ನಿನ್ನ ಮೈದುನನಂಗ ಆಟೋ ಹೊಡಿಯೋ ಕೈ ಅಲ್ಲ.”

ಅಂಗಳದಲ್ಲಿ ಆಟೋ ಒರೆಸುತ್ತಿದ್ದ ಮೈದುನ ನಕ್ಕ. ನಾನೂ ನಕ್ಕೆ. ಎಳೆಗೆ ಗಂಟು ಹಾಕಿ ಹಾಕಿ ಬೆರಳು ಹಾಗಾಗುತ್ತದೆ ಎಂದೇ ನಂಬಿದ್ದೆ. ಒಳಗೊಳಗೆ ಹೆಮ್ಮೆಯೂ ಇತ್ತು.

ಮರುದಿನ ಕೆಮ್ಮಿದಾಗ ರಕ್ತ ಬಂತು. ಮೈದುನನ ಆಟೋದಲ್ಲೇ ಗದಗಿನ ಡಾಕ್ಟರ ಹತ್ತಿರ ಹೋದೆವು. ಅವನ ಹೆಂಡತಿ, ನನ್ನ ನೆಗೆಣ್ಣಿಯೂ ಬಂದಳು. ಡಾಕ್ಟರು ಎದೆ ಪರೀಕ್ಷಿಸುವ ಮೊದಲೇ ಕೈ ನೋಡಿದರು. ಎರಡೂ ತೋರುಬೆರಳನ್ನು ಉಗುರಿಗೆ ಉಗುರು ತಾಗುವಂತೆ ಜೋಡಿಸಲು ಹೇಳಿದರು. ಸಾಮಾನ್ಯವಾಗಿ ನಡುವೆ ಸಣ್ಣ ಕಿಂಡಿ ಉಳಿದು ಬೆಳಕು ಕಾಣುತ್ತದಂತೆ. ಯಜಮಾನರ ಉಗುರುಗಳ ನಡುವೆ ಏನೂ ಕಾಣಲಿಲ್ಲ. ಇದು ನೇಯ್ಗೆಯಿಂದ ಬಂದದ್ದಲ್ಲ, ಶ್ವಾಸಕೋಶದಲ್ಲಿ ಬಹಳ ದಿನದಿಂದ ಏನೋ ಇರಬೇಕು ಎಂದರು. ಬೆರಳು ಯಾವಾಗಿನಿಂದ ಹೀಗಿವೆ ಎಂದು ನನ್ನನ್ನೇ ಕೇಳಿದರು.

ಯಜಮಾನರನ್ನು ಎಕ್ಸರೇಗೆ ಕರೆದೊಯ್ದಾಗ ನೆಗೆಣ್ಣಿ ಹೊರಗಿನ ಬೆಂಚಿನ ಮೇಲೆ ಗಂಡನ ಬೆರಳು ಜೋಡಿಸಿ ಕಿಟಕಿಯ ಕಡೆಗೆ ಎತ್ತಿ ಹಿಡಿದಳು.

“ಅಕ್ಕಾ, ನೋಡ್ರಿ, ಇವರದು ಕಾಣತೈತಿ.”

ಅಂದವಳು ನನ್ನ ಮುಖ ನೋಡಿ ಗಂಡನ ಕೈ ಕೆಳಗಿಳಿಸಿದಳು. ಆಕೆ ಕೆಟ್ಟವಳಲ್ಲ. ಆದರೆ ಎಳ್ಳುಕಾಳಿನಷ್ಟಿದ್ದ ಆ ಬೆಳಕು ಅವಳ ಪಾಲಿಗೆ ಬಂತಲ್ಲ ಎಂದು ಅವತ್ತು ಉರಿದ ಹೊಟ್ಟೆ ಇನ್ನೂ ಆರಿಲ್ಲ.

ಅದಾದ ಮೇಲೆ ಯಜಮಾನರು ಬದುಕಿದ್ದು ನಾಲ್ಕೇ ತಿಂಗಳು.

ಈಗಲೂ ಎಲ್ಲರೂ ಒಂದೇ ಪಡಸಾಲೆಯಲ್ಲಿ ಉಣ್ಣುತ್ತೇವೆ. ಮೈದುನ ರೊಟ್ಟಿ ಮುರಿಯುವಾಗ ನನ್ನ ಕಣ್ಣು ಅವನ ಉಗುರಿಗೇ ಹೋಗುತ್ತದೆ. ಮುಂಡರಗಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಗಂಡಸರ ಬೆರಳು ನೋಡುತ್ತೇನೆ. ಉಗುರು ನೆಟ್ಟಗಿದ್ದರೆ, ನಾನು ಮುಖವನ್ನೇ ಕಾಣದ ಅವರ ಹೆಂಡತಿಯರ ಮೇಲೆ ಅಸೂಯೆ. ನಾನು ವಾರವಾರ ಹಿಡಿದ ಕೈಯನ್ನು ಒಂದೇ ಸಲ ಹಿಡಿದು ತಿಳಿದುಕೊಂಡ ಆ ಡಾಕ್ಟರ ಮೇಲೂ.

ಮೊನ್ನೆ ಭಾನುವಾರ ಕಟ್ಟೆಯ ಮೇಲೆ ಗಂಡನ ಉಗುರು ತೆಗೆಯುತ್ತಿದ್ದ ನೆಗೆಣ್ಣಿ, ನನ್ನನ್ನು ಕಂಡೊಡನೆ ಅವನನ್ನು ಎಬ್ಬಿಸಿಕೊಂಡು ಒಳಗೆ ಹೋದಳು. ಇಲ್ಲೇ ತಗಿ ಬಿಡವ್ವಾ ಎನ್ನಬೇಕಿತ್ತು.

ಪಡಸಾಲೆಯಲ್ಲಿರುವ ಯಜಮಾನರ ಫೋಟೋ ಎದೆಯವರೆಗೆ ಮಾತ್ರ ಇದೆ. ಅವರ ಕೈ ಕಾಣುವ ಒಂದು ಫೋಟೋವೂ ನನ್ನ ಹತ್ತಿರ ಇಲ್ಲ.