ಕಣ್ಣು ಮುಚ್ಚಿ ಮುಳುಗುತ್ತಿದ್ದ ಮುದುಕಪ್ಪ

ಮಗುವಿಗೆ ಮುದುಕಪ್ಪ ಎಂದು ಹೆಸರಿಟ್ಟರೆ ಅದರ ಗತಿ ಏನಾಗಬೇಡ ಹೇಳಿ. ತೊಟ್ಟಿಲಲ್ಲಿದ್ದಾಗಲೇ ಮುದುಕ, ಸಾಲೆಯಲ್ಲಿ ಮುದುಕ, ಮದುವೆಯ ಹಂದರದಲ್ಲೂ ಮುದುಕ. ಆನೆಗೊಂದಿಯ ಹರಿಗೋಲು ಹಾಕುವ ಮನೆತನದ ಈ ಮುದುಕಪ್ಪನಿಗೆ ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ಇನ್ನೂ ಇಪ್ಪತ್ತೇಳು ತುಂಬಿರಲಿಲ್ಲ. ಆಳು ಗಟ್ಟಿ, ಮಾತು ಕಡಿಮೆ, ಹಸಿವು ಮಾತ್ರ ಭಾರೀ. ಹೆಂಡತಿ ಹುಲಗಮ್ಮ ರೊಟ್ಟಿ ಬಡಿದು ಬಡಿದು ರಟ್ಟೆ ನೋಯಿಸಿಕೊಂಡು, ಇವನ ಹೊಟ್ಟೆಯಲ್ಲಿ ಇನ್ನೊಬ್ಬ ಕೂತಿದ್ದಾನೆ ಎಂದು ಅತ್ತೆ ಮಾರೆವ್ವನ ಮುಂದೆ ದೂರು ಹೇಳುತ್ತಿದ್ದಳು.

ಹರಿಗೋಲು ಹಾಕುವುದು ಅವನ ಹೊಟ್ಟೆಪಾಡು. ಹೆಸರು ಬಂದದ್ದು ಮುಳುಗುವುದರಿಂದ. ಹೊಳೆಗೆ ಏನು ಬಿದ್ದರೂ ಜನ ಮೊದಲು ಅವನ ಮನೆ ಬಾಗಿಲಿಗೆ ಬರುತ್ತಿದ್ದರು. ತಾಮ್ರದ ಕೊಡ, ಕಾಲುಂಗುರ, ಬಾಳೆಗೊನೆ ಕಡಿಯುವ ಕುಡುಗೋಲು, ಗದ್ದೆಯವರ ಪಂಪ್‌ಸೆಟ್ಟಿನ ಪೈಪು, ಎಲ್ಲವನ್ನೂ ಅವನು ಮೇಲೆ ತಂದಿದ್ದ. ಅವನದೊಂದು ಪದ್ಧತಿ ಇತ್ತು. ಸೊಂಟಮಟ್ಟ ನೀರಿನಲ್ಲಿ ನಿಂತು ಒಂದು ಬೊಗಸೆ ನೀರು ಕುಡಿಯುವುದು, ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಗಂಗವ್ವಾ ಎನ್ನುವುದು, ಹಾಗೆಯೇ ಕಣ್ಣು ಮುಚ್ಚಿ ಇಳಿಯುವುದು. ಮೇಲೆ ಬರುವವರೆಗೆ ಕಣ್ಣು ತೆರೆಯುತ್ತಿರಲಿಲ್ಲ. ದಡದಲ್ಲಿ ಕೂತ ಹಿರಿಯರು ಎಲೆಗೆ ಸುಣ್ಣ ಹಚ್ಚಿ, ಅಡಕೆ ಹಾಕಿ, ಅಗಿದು ಉಗುಳುವವರೆಗೂ ಅವನ ತಲೆ ಮೇಲೆ ಏಳುತ್ತಿರಲಿಲ್ಲ. ಕಣ್ಣು ಯಾಕೆ ಮುಚ್ಚುತ್ತೀಯೋ ಎಂದರೆ, ತನಗೆ ಕೈಯಲ್ಲೇ ಕಣ್ಣಿದೆ ಎಂದು ನಕ್ಕುಬಿಡುತ್ತಿದ್ದ. ಊರವರಿಗೆ ಅದೂ ಒಂದು ಹೆಮ್ಮೆ. ನಮ್ಮ ಮುದುಕಪ್ಪ ಕಣ್ಣು ಮುಚ್ಚಿ ಉಂಗುರ ಹುಡುಕುತ್ತಾನೆ ಎಂದು ಹಿಟ್ನಾಳದ ಹೋಟೆಲಿನಲ್ಲೂ ಹೇಳಿಕೊಂಡು ತಿರುಗುತ್ತಿದ್ದರು.

ಆ ವರ್ಷ ಗಂಗಾವತಿಯ ಮುರ್ತುಜಾಸಾಬ ತಂಗಿ ತಾಜಬೀಯ ಮನೆಗೆಂದು ಊರಿಗೆ ಬಂದಿದ್ದ. ಹದಿನೈದನೆಯ ವಯಸ್ಸಿಗೇ ಮುಂಬೈಗೆ ಓಡಿಹೋಗಿ, ಬಂದರಿನಲ್ಲಿ ನೀರಿಗಿಳಿಯುವ ಕೆಲಸ ಕಲಿತು, ಈಗ ಐವತ್ತು ದಾಟಿದ ಮೇಲೆ ಅಂಡಮಾನಿನಲ್ಲಿದ್ದ. ಅಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗಿ, ಹಡಗುಕಟ್ಟೆಯ ಕಂಬಗಳು ಗಟ್ಟಿ ಇವೆಯೋ ಇಲ್ಲವೋ ನೋಡುವುದು ಅವನ ಕೆಲಸ. ಮುದುಕಪ್ಪನ ಹರಿಗೋಲಿನಲ್ಲಿ ಹೊಳೆ ದಾಟುವಾಗ ಅವನ ಕೈಗಡಿಯಾರ ಜಾರಿ ನೀರಿಗೆ ಬಿತ್ತು. ಮುದುಕಪ್ಪ ಒಂದೇ ದಮ್ಮಿನಲ್ಲಿ ಅದನ್ನು ತಂದು ಕೈಯಲ್ಲಿಟ್ಟ. ಸಾಬ ಗಡಿಯಾರವನ್ನು ನೋಡಲೇ ಇಲ್ಲ, ಇವನನ್ನೇ ನೋಡುತ್ತಾ ಕೂತ. ತನ್ನ ಜೋಡಿಯ ಆಳು ಕೆಲಸ ಬಿಟ್ಟು ಹೋಗಿದ್ದಾನೆ, ನೀನು ಬರುತ್ತೀಯೇನು ಎಂದು ದಡ ಮುಟ್ಟುವುದರೊಳಗೆ ಕೇಳಿಬಿಟ್ಟ.

ಮುದುಕಪ್ಪ ಹೂಂ ಎಂದ. ಯಾಕೆಂದನೋ ಅವನಿಗೂ ತಿಳಿಯಲಿಲ್ಲ. ಹುಲಗಮ್ಮ ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ ಅರವತ್ತು ಒಣ ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ, ಒಂದಿಷ್ಟು ಕೆಂಪು ಖಾರ ಕಟ್ಟಿಕೊಟ್ಟಳು. ಮಾರೆವ್ವ ಮಾತ್ರ ಮಗನ ಮುಖವನ್ನೇ ಬಹಳ ಹೊತ್ತು ನೋಡಿ, ಹೋಗಿ ಬಾ ಎಂದಷ್ಟೇ ಹೇಳಿ ಒಳಗೆ ಹೋದಳು.

ಹುಟ್ಟಿದಾಗಿನಿಂದ ನೀರಿನ ಮೇಲೆಯೇ ಬೆಳೆದ ಈ ಗಂಡಸು ಮದ್ರಾಸಿನಲ್ಲಿ ಹಡಗು ಹತ್ತಿದವನು ನಾಲ್ಕು ದಿನ ವಾಂತಿ ಮಾಡಿದ. ರೊಟ್ಟಿಯ ಗಂಟನ್ನು ಬಿಚ್ಚಲೇ ಇಲ್ಲ. ಹೊಳೆ ನಮ್ಮ ಮನೆಯ ಅಂಗಳವಿದ್ದ ಹಾಗೆ, ಸಮುದ್ರ ಮಂದಿಯ ಮನೆ, ಸಂಭಾಳಿಸಿಕೊಂಡು ಹೋಗಬೇಕು ಎಂದು ಸಾಬ ಬೆನ್ನು ನೀವುತ್ತಾ ಸಮಾಧಾನ ಹೇಳಿದ. ಪೋರ್ಟ್ ಬ್ಲೇರಿನಲ್ಲಿ ಇಳಿದ ಮೇಲೆ ಇಬ್ಬರೂ ಹೆಗಲಿಗೆ ಚೀಲ ಹಾಕಿಕೊಂಡು ಸಣ್ಣ ದೋಣಿಗಳಲ್ಲಿ ಊರೂರು ತಿರುಗತೊಡಗಿದರು. ಒಂದು ದಿನ ತೆಂಗಿನ ತೋಪಿನಲ್ಲಿ ಮಲಗುವುದು, ಇನ್ನೊಂದು ದಿನ ಹಡಗುಕಟ್ಟೆಯ ತಗಡಿನ ಸೂರಿನಡಿ. ಆ ದ್ವೀಪಗಳ ಚೆಲುವನ್ನು ಏನು ಹೇಳುವುದು! ಮುಂಜಾನೆ ಎದ್ದರೆ ಕಾಲ ಬುಡದಲ್ಲೇ ಹಸಿರು ನೀರು, ಬಿಳಿ ಮರಳು, ಗಂಗಾವತಿಯ ಭತ್ತದ ಗದ್ದೆಯನ್ನು ಬಿಟ್ಟರೆ ಅಂಥ ಹಸಿರನ್ನು ಮುದುಕಪ್ಪ ಎಲ್ಲೂ ಕಂಡಿರಲಿಲ್ಲ.

ಹಡಗುಕಟ್ಟೆಯ ಕೆಲಸ ಹಿಡಿದಿದ್ದ ಗುತ್ತಿಗೆದಾರ ಕಟ್ಟುನಿಟ್ಟಾಗಿ ಹೇಳಿದ್ದ. ಇಪ್ಪತ್ತೊಂದು ದಿನದಲ್ಲಿ ಹೊಸ ಆಳು ಕಲಿತರೆ ಸರಿ, ಇಲ್ಲದಿದ್ದರೆ ಬರುವ ಹಡಗಿಗೆ ವಾಪಸು, ಮದ್ರಾಸಿನಿಂದ ಬೇರೆಯವನು ಬರುತ್ತಾನೆ. ಇಪ್ಪತ್ತೊಂದು ದಿನ ಯಾಕೆ, ಮೂರು ದಿನ ಸಾಕು ಎಂದುಕೊಂಡ ಮುದುಕಪ್ಪ. ಮೊದಲ ದಿನವೇ ಸೊಂಟಮಟ್ಟ ನೀರಿನಲ್ಲಿ ನಿಂತು ಪದ್ಧತಿಯಂತೆ ಬೊಗಸೆ ನೀರು ಗಟಗಟ ಕುಡಿದ. ಕುಡಿದವನೇ ಕಣ್ಣು ಮೂಗಿನಲ್ಲೆಲ್ಲ ನೀರು ಸುರಿಸುತ್ತಾ ದಡಕ್ಕೆ ಓಡಿದ. ಬೆಸ್ತರ ಹೆಂಗಸರು ಬುಟ್ಟಿ ಕೆಳಗಿಟ್ಟು ನಕ್ಕರು. ಸಾಬನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಗಂಗವ್ವನಿಗೆ ಇಷ್ಟು ಉಪ್ಪು ಹಾಕಿದವರು ಯಾರು ಎಂದು ಮುದುಕಪ್ಪನಿಗೆ ಸಿಟ್ಟೇ ಬಂದಿತ್ತು.

ಎರಡನೆಯ ಸಂಕಟ ಉಸಿರಿನದು. ದಮ್ಮು ಕಟ್ಟುವುದೇ ಅವನ ಜೀವಮಾನದ ವಿದ್ಯೆ, ಇಲ್ಲಿ ಮೊದಲ ಪಾಠವೇ ದಮ್ಮು ಕಟ್ಟಬೇಡ ಎಂಬುದು. ಸಿಲಿಂಡರಿನ ಗಾಳಿ ಎಳೆದುಕೊಂಡು ಉಸಿರು ಹಿಡಿದು ಮೇಲೆ ಎದ್ದರೆ ಒಳಗಿನ ಗಾಳಿ ಹಿಗ್ಗಿ ಎದೆ ಒಡೆಯುತ್ತದೆ ಎಂದು ಸಾಬ ನೂರು ಸಲ ಹೇಳಿದ. ಕೇಳಿದರೆ ತಾನೇ! ಜಿಪುಣ ಶೆಟ್ಟಿ ಗಲ್ಲಾಪೆಟ್ಟಿಗೆಯ ಮೇಲೆ ಕೂತ ಹಾಗೆ ಮುದುಕಪ್ಪ ಉಸಿರಿನ ಮೇಲೆ ಕೂತುಬಿಡುತ್ತಿದ್ದ. ಕೊನೆಗೆ ಸಾಬ ಒಂದು ಉಪಾಯ ಮಾಡಿದ. ನಿಮ್ಮವ್ವ ಬೀಸುವಾಗ ಹಾಡುವ ಪದ ಯಾವುದಾದರೂ ಬರುತ್ತದೇನು, ಮೇಲೆ ಬರುವಾಗ ಅದನ್ನು ಗುನುಗುತ್ತಾ ಬಾ ಎಂದ. ಗುನುಗಬೇಕಾದರೆ ಉಸಿರು ಬಿಡಲೇಬೇಕಲ್ಲ. ಹೀಗೆ ಮಾರೆವ್ವನ ಬೀಸುಕಲ್ಲಿನ ಪದ ಅಂಡಮಾನಿನ ಸಮುದ್ರದಲ್ಲಿ ಗುಳುಗುಳು ಗುಳ್ಳೆಯಾಗಿ ಮೇಲೆದ್ದು ಬಂತು. ಹತ್ತು ದಿನದಲ್ಲಿ ಉಸಿರಾಟ ಹದಕ್ಕೆ ಬಂದಿತು.

ಆದರೆ ಕಣ್ಣು? ಗಾಜಿನ ಮುಖವಾಡ ಹಾಕಿಕೊಂಡರೂ ಮುದುಕಪ್ಪ ಒಳಗೆ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದ. ಆಳವಿಲ್ಲದ ನೀರಿನಲ್ಲಿ ಇದು ಸಾಬನಿಗೆ ಗೊತ್ತಾಗಿರಲಿಲ್ಲ. ಹನ್ನೆರಡನೆಯ ದಿನ ಇಪ್ಪತ್ತು ಅಡಿ ಇಳಿದು, ಹೆಬ್ಬೆರಳು ತೋರಿಸಿ ಮೇಲೆ ಹೋಗೋಣ ಎಂದು ಸನ್ನೆ ಮಾಡಿದರೆ ಇವನು ಕಂಬವನ್ನು ತಡವುತ್ತಾ ನಿಂತೇ ಇದ್ದಾನೆ. ಸಾಬ ಹತ್ತಿರ ಬಂದು ಗಾಜಿನೊಳಗೆ ಇಣುಕಿದ. ಮೇಲೆ ಬಂದವನೇ ದೋಣಿಯಲ್ಲಿ ತನ್ನ ಮುಖವಾಡ ಕಿತ್ತು ಎಸೆದ.

"ನೀರಾಗ ಇಬ್ಬರು ಇಳಿದ್ರ ಒಬ್ಬನ ಜೀವ ಇನ್ನೊಬ್ಬನ ಕಣ್ಣಾಗ ಇರ್ತೈತಿ. ನೀ ಕಣ್ಣು ಮುಚ್ಚಿಕೊಂಡು ನನ್ನ ಹ್ಯಾಂಗ ಕಾಯ್ತಿ?"

ಇನ್ನು ಮೇಲೆ ಕಣ್ಣು ತೆರೆಯುತ್ತೇನೆ ಎಂದ ಮುದುಕಪ್ಪ. ಮರುದಿನವೂ ಆಗಲಿಲ್ಲ, ಅದರ ಮರುದಿನವೂ ಆಗಲಿಲ್ಲ. ದಡದ ಮೇಲೆ ದೇವರ ಮೇಲೆ ಆಣೆ ಮಾಡುವುದು, ನೀರಿಗಿಳಿದೊಡನೆ ರೆಪ್ಪೆ ಬಿಗಿಯುವುದು. ರೆಪ್ಪೆಗಳು ಅವನ ಮಾತನ್ನೇ ಕೇಳುತ್ತಿರಲಿಲ್ಲ. ಹತ್ತೊಂಬತ್ತನೆಯ ದಿನ ಸಾಬನೂ ಕೈಚೆಲ್ಲಿದ. ನಾಡಿದ್ದು ಹಡಗು ಬರುತ್ತದೆ, ಚೀಲ ಕಟ್ಟಿಕೋ ಎಂದು ಬೇಜಾರಿನಿಂದಲೇ ಹೇಳಿದ. ಮುದುಕಪ್ಪನಿಗೆ ಊರಿನ ನಾಚಿಕೆಗಿಂತ ಬೇರೆಯೇ ಒಂದು ಭಯ ಎದೆಯಲ್ಲಿ ಕೂತಿತು. ಈಗ ಇಲ್ಲಿ ತೆರೆಯದಿದ್ದರೆ ಈ ಕಣ್ಣು ಇನ್ನು ಸಾಯುವವರೆಗೂ ನೀರಿನಲ್ಲಿ ತೆರೆಯುವುದಿಲ್ಲ ಎಂಬುದು ಅವನಿಗೆ ಖಾತ್ರಿಯಾಗಿತ್ತು. ಹದಿಮೂರು ವರ್ಷ ಯಾರಿಗೂ ಹೇಳದ್ದನ್ನು ಆ ಮಧ್ಯಾಹ್ನ ಮರಳಿನ ಮೇಲೆ ಕೂತು ಸಾಬನ ಮುಂದೆ ಹೇಳಿಬಿಟ್ಟ.

ಅವನ ತಂದೆ ವಿರುಪಣ್ಣನೂ ಇದೇ ಕೆಲಸದವನು. ಮುದುಕಪ್ಪನಿಗೆ ಹದಿನಾಲ್ಕಾದಾಗ ಪುಷ್ಯ ಮಾಸದಲ್ಲೊಂದು ದಿನ, ಯಾರದೋ ಪೈಪು ಬಿಡಿಸಲು ಮಡುವಿಗೆ ಇಳಿದ ವಿರುಪಣ್ಣ ಮೇಲೆ ಬರಲಿಲ್ಲ. ಎರಡು ಬಂಡೆಗಳ ನಡುವೆ ಕಾಲು ಸಿಕ್ಕಿತ್ತು. ಹಿಂದೆಯೇ ಹಾರಿದವನು ಮುದುಕಪ್ಪ. ಚಳಿಗಾಲದ ಹೊಳೆ ಬಲು ತಿಳಿ. ಕೆಳಗೆ ಕಣ್ಣು ತೆರೆದರೆ ಎದುರಿಗೇ ಅಪ್ಪನ ಮುಖ.

"ಅಪ್ಪ ಕಣ್ಣು ತೆರದಿದ್ದ, ಉಸ್ತಾದ್ರ. ನನ್ನ ನೋಡಾಕ ಹತ್ತಿದ್ದ. ನಾ ಜಗ್ಗಿದೆ, ಬರಲಿಲ್ಲ. ಬಿಟ್ಟು ಮ್ಯಾಲ ಬಂದೆ. ನೀರಾಗ ಕಣ್ಣು ತೆರದ್ರ ಅಲ್ಲೇ ಅದಾನಂತ ಅನಸ್ತೈತ್ರಿ."

ಮುರ್ತುಜಾಸಾಬ ಹಚ್ಚಿದ ಬೀಡಿಯನ್ನು ಮರಳಿಗೆ ಒತ್ತಿ ಆರಿಸಿದ. ಹೆದರಬೇಡ, ದೇವರಿದ್ದಾನೆ, ಅಂಥ ಮಾತೊಂದನ್ನೂ ಅವನು ಆಡಲಿಲ್ಲ. ಆಮೇಲೆ ಇವನ ಚೀಲದಿಂದ ಒಂದು ರೊಟ್ಟಿ ತೆಗೆದು ಮುರಿದು, ಅರ್ಧ ಇವನ ಕೈಗಿಟ್ಟ.

"ನಾಳೆ ನಾ ನಿನ್ನ ಮುಂದ ನಿಂದರ್ತೀನಿ ಬೇಟಾ. ಕಣ್ಣು ತೆರದ್ರ ಮೊದಲ ನನ್ನ ಮುಖಾನ ಕಾಣಬೇಕು. ಚಂದ ಏನಿಲ್ಲ ಅದು, ತಡ್ಕೋ."

ಮರುದಿನ ಬೆಳಿಗ್ಗೆ ಇಬ್ಬರೂ ಹಗ್ಗ ಹಿಡಿದು ಇಳಿದರು. ಮೂವತ್ತು ಅಡಿ ಕೆಳಗೆ ಮುದುಕಪ್ಪನ ಕಾಲಿಗೆ ಮರಳು ತಾಗಿತು. ಸಾಬ ಅವನ ಎರಡೂ ಭುಜ ಹಿಡಿದು, ಗಾಜಿಗೆ ಗಾಜು ತಾಗುವಷ್ಟು ಹತ್ತಿರ ನಿಂತ. ಮುದುಕಪ್ಪನಿಗೆ ತನ್ನ ಉಸಿರು ಕೇಳಿಸುತ್ತಿತ್ತು, ಸಾಬನ ಉಸಿರೂ ಕೇಳಿಸುತ್ತಿತ್ತು. ಎಷ್ಟು ಹೊತ್ತು ನಿಂತರೋ! ಎಲೆ ಅಡಕೆ ಹಾಕಿಕೊಳ್ಳುವ ಹಿರಿಯರು ಅಲ್ಲಿದ್ದಿದ್ದರೆ ಮೂರು ಸಲ ಉಗುಳುತ್ತಿದ್ದರು. ಸಾಬ ಅವಸರ ಮಾಡಲಿಲ್ಲ, ಭುಜದ ಮೇಲಿನ ಹಿಡಿತವನ್ನೂ ಸಡಿಲಿಸಲಿಲ್ಲ. ಆ ಕೈಗಳು ಬಿಸಿಯಾಗಿದ್ದವು. ಸತ್ತವನ ಕೈ ಹೀಗಿರುವುದಿಲ್ಲ ಎಂದು ಮುದುಕಪ್ಪನಿಗೆ ಹೊಳೆಯಿತು, ಹೊಳೆದ ಕೂಡಲೇ ಕಣ್ಣು ಬಿಟ್ಟ.

ಎದುರಿಗೆ ಎರಡು ಕಣ್ಣು. ತೆರೆದ ಕಣ್ಣು, ಇವನನ್ನೇ ನೋಡುತ್ತಿದ್ದ ಕಣ್ಣು. ಮುದುಕಪ್ಪನ ರೆಪ್ಪೆಗಳು ಮುಚ್ಚಲು ಹೊರಟವು. ಅಷ್ಟರಲ್ಲಿ ಎದುರಿನ ಕಣ್ಣೊಂದು ಪಟಕ್ಕನೆ ಮಿಟುಕಿತು. ಐವತ್ತು ದಾಟಿದ ಗಂಡಸು, ಮೊಮ್ಮಕ್ಕಳಿರುವವನು, ಸಮುದ್ರದ ತಳದಲ್ಲಿ ನಿಂತು ಕಣ್ಣು ಹೊಡೆಯುತ್ತಿದ್ದ! ಅಷ್ಟೇ ಅಲ್ಲ, ಬೆಳ್ಳಗಾದ ಹುಬ್ಬುಗಳನ್ನು ಗಾಜಿನ ಹಿಂದೆ ಮೇಲೆ ಕೆಳಗೆ ಕುಣಿಸುತ್ತಿದ್ದ. ಮುದುಕಪ್ಪನಿಗೆ ನಗು ತಡೆಯಲಾಗದೆ ಬಾಯಿಗೆ ಉಪ್ಪುನೀರು ನುಗ್ಗಿತು, ಸಾಬ ಗಾಳಿಯ ನಳಿಗೆಯನ್ನು ಅವನ ಬಾಯಿಗೆ ಒತ್ತಿ ಹಿಡಿದ. ಕೆಮ್ಮು ನಿಂತ ಮೇಲೆ ಮುದುಕಪ್ಪ ಮೆಲ್ಲಗೆ ತಲೆ ತಿರುಗಿಸಿದ. ಅರಿಶಿನದ ಬಣ್ಣದ ಮೀನು, ಇಳಕಲ್ ಸೀರೆಯ ಸೆರಗಿನಂಥ ಕೆಂಪು ಮೀನು, ಹೂಕೋಸಿನ ಗಡ್ಡೆಯ ಹಾಗೆ ಬೆಳೆದ ಹವಳ. ನೋಡಿದ್ದೇ ನೋಡಿದ್ದು. ಸಾಬ ಹೆಬ್ಬೆರಳು ತೋರಿಸಿದರೆ ಇವನೇ ಇನ್ನೊಂದು ಚೂರು ಇರೋಣ ಎಂದು ಕೈಮುಗಿದ. ದೋಣಿ ಹತ್ತಿದ ಮೇಲೆ ಸಾಬನ ಮೊಣಕಾಲಿಗೆ ಹಣೆ ಒತ್ತಿ ಸಣ್ಣ ಹುಡುಗನ ಹಾಗೆ ಅತ್ತ. ಸಾಬ ಅವನ ಒದ್ದೆ ತಲೆಯನ್ನು ತನ್ನ ಟವೆಲಿನಿಂದ ಒರೆಸಿದ. ಮರುದಿನ ಬಂದ ಹಡಗು ಮುದುಕಪ್ಪನನ್ನು ಬಿಟ್ಟೇ ಹೋಯಿತು.

ಎರಡು ವರ್ಷ ಅವರಿಬ್ಬರೂ ಜೋಡಿಯಾಗಿ ದ್ವೀಪಗಳನ್ನು ಸುತ್ತಿದರು. ಎಂಬತ್ತಮೂರರ ಕೊನೆಗೆ ಕಿವಿ ಮಂದವಾಗಿ ಸಾಬ ಕೆಲಸ ಬಿಟ್ಟ, ಅವನಿಲ್ಲದೆ ಇರಲಾರೆನೆಂದು ಮುದುಕಪ್ಪನೂ ಬಿಟ್ಟ. ಊರಿಗೆ ಬಂದಾಗ ಮತ್ತೆ ಪುಷ್ಯ. ಎಂಟು ದಿನ ಹುಲಗಮ್ಮನ ಮುಂದೆ ಮೀನಿನ ಬಣ್ಣಗಳನ್ನು ಹೇಳಿದ್ದೇ ಹೇಳಿದ್ದು, ಅವಳು ನಂಬಿದ ಹಾಗೆ ಮಾಡಿದಳು. ಒಂಬತ್ತನೆಯ ದಿನ ಬೆಳಿಗ್ಗೆ ಯಾರಿಗೂ ಹೇಳದೆ ಅಪ್ಪ ಮುಳುಗಿದ ಮಡುವಿನ ಕಡೆ ನಡೆದ. ಇಳಿಯುವ ಮೊದಲು ತಿರುಗಿ ನೋಡಿದರೆ ಬಂಡೆಯ ಮೇಲೆ ಮಾರೆವ್ವ ಬಂದು ಕೂತಿದ್ದಳು. ಗಂಡ ಹೋದ ದಿನದಿಂದ ಆ ಕಡೆಗೆ ಕಾಲಿಡದ ಹೆಂಗಸು ಅವಳು.

ಸಿಲಿಂಡರಿಲ್ಲ, ಗಾಜಿಲ್ಲ. ಮುದುಕಪ್ಪ ದಮ್ಮು ಕಟ್ಟಿ ತಳದವರೆಗೂ ಹೋದ, ಎರಡು ಬಂಡೆಗಳ ನಡುವಿನ ಸಂದಿಗೇ ಹೋಗಿ ಕಣ್ಣು ಬಿಟ್ಟು ನೋಡಿದ. ಬಹಳ ಹೊತ್ತು ನೋಡಿ ಮೇಲೆ ಬಂದ. ಮಾರೆವ್ವ ಬಂಡೆಯ ಅಂಚಿಗೆ ಬಂದು ನಿಂತಿದ್ದಳು. ಹದಿನೈದು ವರ್ಷ ಒಮ್ಮೆಯೂ ಕೇಳದಿದ್ದ ಮಾತನ್ನು ಆಗ ಕೇಳಿದಳು.

"ಅದಾನೇನೋ?"

"ಇಲ್ಲ ಯವ್ವಾ. ಮರಳೈತಿ. ಸಣ್ಣ ಸಣ್ಣ ಮೀನದಾವು. ಬ್ಯಾರೆ ಏನಿಲ್ಲ."

ಮಾರೆವ್ವ ಬಂಡೆಯಿಂದ ಇಳಿದು, ನೀರಿನ ಅಂಚಿಗೆ ಬಂದು, ಪಾದ ಮುಳುಗುವಷ್ಟು ಒಳಗೆ ಕಾಲಿಟ್ಟಳು.