ಒಳಗೆ ಬಿಟ್ಟ ಬಟ್ಟೆ

ನಮ್ಮ ಯಜಮಾನರು ಟೈಲರ್. ಯಾರ ಪ್ಯಾಂಟು ಹೊಲಿದರೂ ಸೊಂಟದ ಹೊಲಿಗೆಯೊಳಗೆ ಎರಡು ಬೆರಳಷ್ಟು ಬಟ್ಟೆ ಬಿಡುತ್ತಿದ್ದರು. "ಮನುಷ್ಯ ಅಂದ್ಮೇಲೆ ದಪ್ಪ ಆಗ್ತಾನೆ ಕಣೇ, ಬಿಚ್ಚಿಕೊಳ್ಳೋಕೆ ಜಾಗ ಇರಬೇಕು" ಅನ್ನೋರು. ಆ ಬಟ್ಟೆ ಕತ್ತರಿಸಿ ಎಸೆಯುವ ಟೈಲರ್‌ಗಳನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ.

ಆ ಜಾಗವೇ ನಮ್ಮ ಕಣ್ಣಿಗೆ ಮಣ್ಣೆರಚಿತು. ಅವರ ಹೊಟ್ಟೆ ಬೆಳೆಯಿತು, ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡರು. ಮತ್ತೆ ಬೆಳೆಯಿತು, ಮತ್ತೆ ಬಿಚ್ಚಿದರು. "ಎಲ್ಲಾ ನಿನ್ನ ಕೈ ಅಡುಗೆ ಮಹಿಮೆ" ಅಂತ ನನ್ನನ್ನೇ ರೇಗಿಸಿದರು. ನಾನೂ ಪೆದ್ದಿ, ಹಿಗ್ಗಿದೆ. ಅಂಗಿಯ ಭುಜ ಜೋತುಬಿದ್ದಿತ್ತು. ಕಟಿಂಗ್ ಕೆಟ್ಟಿದೆ ಅಂದುಕೊಂಡರೇ ಹೊರತು ಮೈ ಇಳಿದಿದೆ ಅಂತ ಅವರಿಗೆ ಹೊಳೆಯಲಿಲ್ಲ. ಬೀದಿಯವರನ್ನೆಲ್ಲ ಅಳೆದವರು ತಮ್ಮ ಮೈಗೆ ಟೇಪು ಹಿಡಿಯಲಿಲ್ಲ.

ಕಣ್ಣು ಹಳದಿಯಾದಾಗ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಹೊಟ್ಟೆಯಲ್ಲಿದ್ದದ್ದು ಕೊಬ್ಬಲ್ಲ, ನೀರು. ಸ್ಕ್ಯಾನಿನಲ್ಲಿ ಲಿವರ್ ಒಳಗೆ ಗಂಟು ಕಂಡಿತು. ರಕ್ತ ಪರೀಕ್ಷೆ ಆಯಿತು, ಆಮೇಲೆ ಔಷಧಿ ಚುಚ್ಚಿ ಇನ್ನೊಂದು ದೊಡ್ಡ ಸ್ಕ್ಯಾನ್. ಕ್ಯಾನ್ಸರ್ ಅಂದರು.

"ಕುಡೀತಿದ್ರಾ?" ಅಂತ ಕೇಳಿದಳು ನರ್ಸ್. ಎಲ್ಲಿತ್ತೋ ನನ್ನ ಕೋಪ. "ಟೀ ಬಿಟ್ಟು ಇನ್ನೇನೂ ಮುಟ್ಟಿದವರಲ್ಲಮ್ಮ!"

ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರು. ಹೆಪಟೈಟಿಸ್ ಬಿ ಅನ್ನೋ ವೈರಸ್ಸು ಎಷ್ಟೋ ವರ್ಷದಿಂದ ರಕ್ತದಲ್ಲಿದ್ದು, ಸದ್ದಿಲ್ಲದೆ ಲಿವರನ್ನು ಕೆಡಿಸಿ ಗಟ್ಟಿ ಮಾಡಿತ್ತಂತೆ. ನನಗೂ ಮಗಳಿಗೂ ಪರೀಕ್ಷೆ ಮಾಡಿಸಿದರು. ನಮಗಿರಲಿಲ್ಲ, ಲಸಿಕೆ ಹಾಕಿದರು.

"ಆ ಗಂಟು ಕತ್ತರಿಸಿ ತೆಗೆದುಬಿಡಿ" ಅಂದೆ. ನನಗೆ ಬೇಕಿದ್ದದ್ದು ಅಷ್ಟೇ.

"ಕತ್ತರಿಸಿದ ಮೇಲೆ ಉಳಿಯೋ ಲಿವರ್ ಚೆನ್ನಾಗಿರಬೇಕಮ್ಮ. ಇವರದ್ದು ಪೂರ್ತಿ ಹಾಳಾಗಿದೆ. ಗಂಟು ದೊಡ್ಡ ರಕ್ತನಾಳಕ್ಕೂ ಇಳಿದಿದೆ, ಬೇರೆ ಲಿವರ್ ಹಾಕೋಕೂ ಆಗಲ್ಲ. ಕ್ಯಾನ್ಸರ್ ಔಷಧಿ ತಡ್ಕೊಳ್ಳೋ ಶಕ್ತಿನೂ ಉಳಿದಿಲ್ಲ. ನೋವಾಗದ ಹಾಗೆ ನೋಡ್ಕೊಳ್ಳೋಣ."

ಯಜಮಾನರಿಗೆ ತಕ್ಷಣ ಅರ್ಥವಾಯಿತು. "ಒಳಗೆ ಬಟ್ಟೆ ಇಲ್ಲ ಅನ್ನಿ" ಅಂದರು.

ಸೂಜಿ ಹಾಕಿ ಹೊಟ್ಟೆಯ ನೀರು ತೆಗೆದು ಮನೆಗೆ ಕಳಿಸಿದರು. ಪ್ಯಾಂಟು ಸೊಂಟದಲ್ಲಿ ನಿಲ್ಲಲಿಲ್ಲ. ಅವರು ಮಿಷನ್ ಮುಂದೆ ಕೂತು ಅದನ್ನು ಬಿಗಿ ಮಾಡಿ ಹೊಲಿದರು. ನೀರು ಮತ್ತೆ ತುಂಬುತ್ತೆ ಅಂದಿದ್ದರು ಡಾಕ್ಟರಮ್ಮ. "ಬಟ್ಟೆ ಒಳಗೇ ಇರಲಿ ರೀ, ಆಮೇಲೆ ಬೇಕಾಗುತ್ತೆ" ಅಂದೆ.

ಅವರು ಕತ್ತರಿ ತೆಗೆದುಕೊಂಡರು. ಒಳಗಿನ ಬಟ್ಟೆಯನ್ನೆಲ್ಲ ಹೊಲಿಗೆಯ ಪಕ್ಕಕ್ಕೇ ಕತ್ತರಿಸಿ ಹಾಕಿದರು.

"ಅಯ್ಯೋ, ಏನ್ರೀ ಮಾಡಿದ್ರಿ!" ಅಂತ ಕಿರುಚಿದೆ.

"ಸಾಕು ಕಣೇ" ಅಂದರು. "ಇನ್ನು ಬಿಚ್ಚೋದು ಬೇಡ."