ಅಕ್ಕ ಹೌದು ಎಂದಳು

ನನ್ನ ಅಕ್ಕ ಸರ್ಕಾರಿ ಅತಿಥಿಗೃಹದ ಲಾಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ಬಟ್ಟೆ ಒಗೆದವಳು. ನಾನು ಅಲ್ಲೇ ಇಸ್ತ್ರಿ ಮೇಜಿನವಳು. ಹೊರದೇಶದ ದೊಡ್ಡವರು ಬಂದರೆ ಇಳಿಯುವುದು ಆ ಅತಿಥಿಗೃಹದಲ್ಲೇ. ಮೇಲಿನ ಮಹಡಿಯಲ್ಲಿ ಅವರು ಏನು ಮಾತಾಡುತ್ತಾರೋ ನೆಲಮಾಳಿಗೆಯ ನಮಗೆ ತಿಳಿಯದು, ಆದರೆ ಮಾತಾಡುವಾಗ ಯಾರು ಬೆವತರು ಎನ್ನುವುದು ಕಾಲರು ನೋಡಿದರೆ ತಿಳಿಯುತ್ತದೆ. ಅಕ್ಕನಿಗೆ ಮಾತು ಕಡಿಮೆ. ಇಬ್ಬರಿಗೂ ಸಾಲುವಷ್ಟು ಬಾಯಿಯನ್ನು ದೇವರು ಚಿಕ್ಕವಳಿಗೇ ಕೊಟ್ಟುಬಿಟ್ಟ ಎಂದು ನಮ್ಮಮ್ಮ ಹೇಳುತ್ತಿದ್ದಳು.

ನಮ್ಮ ಲಾಂಡ್ರಿಯಲ್ಲಿ ಒಂದು ಕಟ್ಟಳೆ ಇದೆ. ಬಟ್ಟೆ ನೀರಿಗೆ ಬೀಳುವ ಮೊದಲು ಪ್ರತಿ ಜೇಬನ್ನೂ ಮಗುಚಿ ನೋಡಬೇಕು. ಒಳಗೆ ಸಿಕ್ಕಿದ್ದು ಗುಂಡಿಯಾಗಲಿ, ಚೀಟಿಯಾಗಲಿ, ಕಂದು ಬಣ್ಣದ ಕವರಿಗೆ ಹಾಕಿ, ಮೇಲೆ ಕೋಣೆಯ ಸಂಖ್ಯೆ, ಕೆಳಗೆ ತೆಗೆದವರ ಗುರುತು ಹಾಕಬೇಕು. ಅಕ್ಕನ ಗುರುತು ಎರಡು ಗೆರೆ, ಒಂದು ಸೊನ್ನೆ. ಒಮ್ಮೆ ಯಾರದೋ ಉಂಗುರ ಕಳೆದು ಎಲ್ಲರ ಮೇಲೂ ಅನುಮಾನ ಬಂದಾಗ ಆ ಗುರುತೇ ಅವಳ ಕೆಲಸ ಉಳಿಸಿತ್ತು. ಅಂದಿನಿಂದ ಗುರುತು ಹಾಕದ ಕವರನ್ನು ಅವಳು ಕೈಯಿಂದ ಕೆಳಗಿಟ್ಟವಳಲ್ಲ.

ಅವಳಿಗೆ ಒಬ್ಬನೇ ಮಗ, ಇಪ್ಪತ್ತಮೂರರವನು, ಛಾಪಖಾನೆಯಲ್ಲಿ ಕೆಲಸ. ಬಸ್ ಡ್ರೈವರುಗಳ ಮುಷ್ಕರದ ಕರಪತ್ರ ಅವನ ಯಂತ್ರದಲ್ಲಿ ಅಚ್ಚಾಗಿತ್ತು. ಮೂರು ಜನ ಮಧ್ಯಾಹ್ನ ಮನೆಗೆ ಬಂದು, "ಒಂದು ಸಹಿ ಹಾಕಿ ಬರೋದಷ್ಟೇ, ಅರ್ಧ ಗಂಟೆ" ಎಂದು ಕರೆದುಕೊಂಡು ಹೋದರು. ಹೋಗುವಾಗ ಅವನ ಫೋನು, ಮನೆಯ ಆಲ್ಬಮ್ಮು ಎಲ್ಲ ಹೊತ್ತೊಯ್ದರು. ಆ ಅರ್ಧ ಗಂಟೆಗೆ ಹದಿನಾಲ್ಕು ತಿಂಗಳಾಯಿತು. ಸ್ಟೇಷನ್ನಿಗೆ ಹೋದರೆ, "ಆ ಹೆಸರಿನವನನ್ನ ನಾವು ಕರ್ಕೊಂಡೇ ಬಂದಿಲ್ಲಮ್ಮ" ಎಂಬ ಒಂದೇ ಉತ್ತರ. ಅವನು ಇದ್ದಾನೋ ಇಲ್ಲವೋ, ಅಷ್ಟು ತಿಳಿದರೆ ಸಾಕೆಂಬ ಸ್ಥಿತಿಗೆ ಅಕ್ಕ ಬಂದಿದ್ದಳು.

ಆಗ ಹೊರದೇಶದ ಒಂದು ನಿಯೋಗ ಬಂತು. ವಾರದ ಕೊನೆಗೆ ವ್ಯಾಪಾರದ ದೊಡ್ಡ ಒಪ್ಪಂದಕ್ಕೆ ಸಹಿ. ಮಾನವ ಹಕ್ಕುಗಳ ಕುರಿತೂ ಚರ್ಚೆ ನಡೆಯಲಿದೆ ಎಂದು ಪತ್ರಿಕೆಯ ಸುದ್ದಿಯಲ್ಲಿ ಕೊನೆಯ ಸಾಲು. ಆ ಕೊನೆಯ ಸಾಲಿನವರು, ಅಂದರೆ ಹಕ್ಕುಗಳ ಮಾತಾಡಲು ಬಂದವರು, ಇಳಿದದ್ದು ಮುನ್ನೂರ ನಾಲ್ಕನೇ ಕೋಣೆಯಲ್ಲಿ. ವಯಸ್ಸಾದವರು. ಕೊಳೆ ಬಟ್ಟೆಯನ್ನೂ ಮಡಿಸಿ ಕಳಿಸುವ ಮನುಷ್ಯ.

"ಇವರಿಗೆ ಬರೀತೀನಿ ಕಣೇ" ಎಂದಳು ಅಕ್ಕ.

"ಬರಿ. ಫೋಟೋನೂ ಇಡು" ಎಂದೆ.

"ಉಳಿದಿರೋದು ಒಂದೇ. ಅದನ್ನ ಕೊಡಲ್ಲ."

ಮಗನ ಹೆಸರು, ಅಪ್ಪನ ಹೆಸರು, ವಯಸ್ಸು, ಕರೆದುಕೊಂಡು ಹೋದ ದಿನ, ಇಷ್ಟೇ ಬರೆದು ಅವರ ಕೋಟಿನ ಒಳಜೇಬಿಗೆ ಇಟ್ಟಳು. ತನ್ನ ಹೆಸರು, ವಿಳಾಸ ಬರೆಯಲಿಲ್ಲ. ನಾನೇ ಬೇಡ ಎಂದಿದ್ದೆ. ಎಷ್ಟು ಎಚ್ಚರ ನೋಡಿ ನಮ್ಮದು! ಮೂರನೇ ದಿನ ಅಧಿಕಾರಿಯೊಬ್ಬ ನೆಲಮಾಳಿಗೆಗೆ ಇಳಿದು ಬಂದು ಕಂದು ಕವರೊಂದನ್ನು ಇಸ್ತ್ರಿ ಮೇಜಿನ ಮೇಲಿಟ್ಟ. ಮುನ್ನೂರ ನಾಲ್ಕು. ಕೆಳಗೆ ಎರಡು ಗೆರೆ, ಒಂದು ಸೊನ್ನೆ. ಚೀಟಿಯನ್ನು ಕವರಿಲ್ಲದೆ, ಗುರುತಿಲ್ಲದೆ ಜೇಬಿಗಿಡಲು ಇಪ್ಪತ್ತೆಂಟು ವರ್ಷದ ಕೈ ಒಪ್ಪಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ರೂಢಿಯೂ ಹಾಗೆಯೇ.

ಮುನ್ನೂರ ನಾಲ್ಕರವರು ಮೋಸ ಮಾಡಿರಲಿಲ್ಲ. ಅವರ ಕೆಲಸದಲ್ಲಿ ಯಾವುದನ್ನು ಸರಿ ಎನ್ನುತ್ತಾರೋ ಅದನ್ನೇ ಮಾಡಿದ್ದರು. ದೂರು ಬಂದರೆ ಆತಿಥ್ಯ ಕೊಟ್ಟ ಸರ್ಕಾರದ ಮುಂದಿಟ್ಟು ವಿವರಣೆ ಕೇಳಬೇಕಂತೆ. ಕವರಿನ ಸಮೇತ ಇಟ್ಟಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರ ದಾರಿ ಅದು. ಮುರಿದರೆ ಯಾರ ಬೆನ್ನು ಮುರಿಯುತ್ತದೆ ಎನ್ನುವ ಲೆಕ್ಕ ಅದರಲ್ಲಿ ಇರುವುದಿಲ್ಲ.

ಅಧಿಕಾರಿ ಕೂಗಾಡಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

"ನಿಮ್ಮ ಮಗ ಸಿಕ್ಕಿದಾನಮ್ಮ. ಬೇರೆ ಹೆಸರಲ್ಲಿ ಒಳಗಿದ್ದ, ಅದಕ್ಕೇ ಗೊತ್ತಾಗಿರಲಿಲ್ಲ. ನಾಳೆ ಹನ್ನೊಂದಕ್ಕೆ ಆ ಸಾಹೇಬರ ಎದುರಿಗೇ ನಿಮಗೆ ಒಪ್ಪಿಸ್ತೀವಿ. ನಿಮ್ಮ ಈ ತಂಗೀನೂ ಬರಲಿ. ಕೇಳಿದ್ದಕ್ಕೆ ಹೌದು, ಇಲ್ಲ, ಅಷ್ಟು ಹೇಳಿದ್ರೆ ಸಾಕು. ಸಾಹೇಬರು ನಾಡಿದ್ದು ಹೊರಡ್ತಾರೆ. ನಾವು ಇಲ್ಲೇ ಇರ್ತೀವಿ."

ಕೊನೆಯ ಮಾತನ್ನು ಎಷ್ಟು ಮೆತ್ತಗೆ ಹೇಳಿದನೆಂದರೆ, ಅಕ್ಕ ತಲೆಯಾಡಿಸಿದಳು. ಅವಳಿಗೆ ಕೇಳಿಸಿದ್ದು 'ಸಿಕ್ಕಿದಾನೆ' ಎನ್ನುವುದಷ್ಟೇ. ಆ ಸಂಜೆ ಮಗನ ಅಂಗಿಗಳನ್ನೆಲ್ಲ ತೆಗೆದು ಮತ್ತೆ ಒಗೆದಳು. ಅವು ಕೊಳೆಯೇ ಆಗಿರಲಿಲ್ಲ.

ಮರುದಿನ ಉದ್ದನೆಯ ಮೇಜಿನ ಆ ಬದಿಗೆ ಮುನ್ನೂರ ನಾಲ್ಕರವರು, ಪಕ್ಕದಲ್ಲಿ ಸರ್ಕಾರವೇ ಕೊಟ್ಟಿದ್ದ ದುಭಾಷಿ ಹುಡುಗಿ, ಗೋಡೆಗೆ ಒರಗಿ ನಿನ್ನೆಯ ಅಧಿಕಾರಿ. ನೀರಿನ ಬಾಟಲಿಗಳನ್ನು ಅಳತೆ ಹಿಡಿದಂತೆ ಸಾಲಾಗಿ ಇಟ್ಟಿದ್ದರು. ಹದಿನೈದು ನಿಮಿಷ, ಮೊದಲೇ ಒಪ್ಪಿಕೊಂಡ ನಾಲ್ಕು ಪ್ರಶ್ನೆ, ಯಾರನ್ನೂ ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿಸುವಂತಿಲ್ಲ ಎಂದು ದುಭಾಷಿ ಓದಿ ಹೇಳಿದಳು. ಬಾಗಿಲು ತೆರೆಯಿತು. ಒಬ್ಬ ಹುಡುಗನನ್ನು ಕರೆತಂದರು.

ಹೊಸ ಅಂಗಿ. ಪೊಟ್ಟಣದ ಮಡಿಕೆ ಇನ್ನೂ ಹೋಗಿರಲಿಲ್ಲ, ಕಾಲರಿನಲ್ಲಿ ಗುಂಡುಸೂಜಿಯ ತೂತು ಕಾಣುತ್ತಿತ್ತು. ತೋಳು ಬೆರಳಿನವರೆಗೂ ಮುಚ್ಚಿತ್ತು. ನಾನು ಮೊದಲು ಬಟ್ಟೆ ನೋಡಿ ಆಮೇಲೆ ಮುಖ ನೋಡುವವಳು. ಅವನು ನಮ್ಮ ಹುಡುಗನಲ್ಲ. ನಮ್ಮವನಿಗಿಂತ ಒಂದು ಗೇಣು ಎತ್ತರ, ಬೇರೆ ಮೂಗು, ಬೇರೆ ಕಣ್ಣು.

ದುಭಾಷಿ ಕೇಳಿದಳು: "ಇವರು ನಿಮ್ಮ ಮಗನೇನಮ್ಮ ಅಂತ ಸಾಹೇಬರು ಕೇಳ್ತಿದಾರೆ."

ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಆ ಹುಡುಗ ನನ್ನತ್ತ ತಿರುಗಿ, "ಹೇಗಿದೀರ ಕೆಂಡಮ್ಮ?" ಎಂದ.

ನನ್ನ ಸಿಟ್ಟಿಗಾಗಿ ಅಕ್ಕನ ಮಗ ನನಗಿಟ್ಟ ಹೆಸರು ಅದು. ಚಿಕ್ಕಮ್ಮ ಎಂದು ಬಾಯಿ ತಪ್ಪಿಯೂ ಕರೆದವನಲ್ಲ. ಆ ಹೆಸರು ನಮ್ಮ ಮನೆಯ ಹೊಸ್ತಿಲು ದಾಟಿರಲಿಲ್ಲ. ಹಾಗಾದರೆ ಈ ಹುಡುಗ ಅವನ ಜೊತೆಗಿದ್ದವನು.

ಅಕ್ಕ ಮೇಜಿನ ಕೆಳಗೆ ನನ್ನ ಮಣಿಕಟ್ಟು ಹಿಡಿದಳು. ಇಪ್ಪತ್ತೆಂಟು ವರ್ಷ ಬಟ್ಟೆ ಹಿಂಡಿದ ಕೈ, ಮೂಳೆ ಮುರಿಯುತ್ತದೇನೋ ಅನ್ನಿಸಿತು. ಇಲ್ಲ ಎಂದರೆ ಸಾಹೇಬರು ಬರೆದುಕೊಳ್ಳುತ್ತಾರೆ, ವಿವರಣೆ ಕೇಳುತ್ತಾರೆ, ನಾಳೆ ವಿಮಾನ ಹತ್ತುತ್ತಾರೆ. ಈ ಹುಡುಗ ಬಂದ ಬಾಗಿಲಿನಿಂದಲೇ ವಾಪಸ್ಸು ಹೋಗುತ್ತಾನೆ. ಹೌದು ಎಂದರೆ ಮಗನನ್ನು ಇನ್ನು ಹುಡುಕುವವರೇ ಇರುವುದಿಲ್ಲ. ಗೋಡೆಯ ಬಳಿಯ ಅಧಿಕಾರಿ ಗಡಿಯಾರ ನೋಡಿಕೊಂಡ. ಹುಡುಗ ಹೊಸ ಅಂಗಿಯ ತೋಳನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ.

"ಹೌದು" ಎಂದಳು ಅಕ್ಕ. "ನನ್ನ ಮಗ."

ಮುನ್ನೂರ ನಾಲ್ಕರವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಂಥ ಒಂದು ದಿನಕ್ಕಾಗಿಯೇ ಈ ಕೆಲಸ ಮಾಡ್ತೀನಿ ಅಂತಿದಾರೆ" ಎಂದಳು ದುಭಾಷಿ. ಕರೆದುಕೊಂಡು ಹೋದ ಆ ಮೂವರ ಮೇಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಆ ಒಳ್ಳೆಯ ಮನುಷ್ಯನ ಕೊರಳಪಟ್ಟಿ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು.

ಮನೆಗೆ ಬಂದ ಮೇಲೆ ಅಕ್ಕ ಅವನಿಗೆ ಬಿಸಿನೀರು ಕೊಟ್ಟಳು, ಮಗನ ಅಂಗಿ ಕೊಟ್ಟಳು, ಬಡಿಸಿದಳು. ಅವನು ಉಂಡು ಕೈ ತೊಳೆಯುವ ತನಕ ಕಾದಳು.

"ನನ್ನ ಮಗ ಎಲ್ಲಿದಾನಪ್ಪ?"

ಅವನು ನೆಲ ನೋಡುತ್ತ ಹೇಳಿದ. "ಒಂದೇ ಕೋಣೇಲಿ ಮೂವತ್ತೆರಡು ಜನ ಇದ್ವಿ. ಅವನು ದಿನಾ ಮನೆ ಕಥೆ ಹೇಳೋನು. ಆಮೇಲೆ ಜ್ವರ ಬಂತು. ಡಾಕ್ಟರನ್ನ ಕರೀರಿ ಅಂತ ಬಾಗಿಲು ಬಡಿದ್ವಿ, ಯಾರೂ ಬರಲಿಲ್ಲ. ಹೋಗಿ ಐದು ತಿಂಗಳಾಯ್ತಮ್ಮ. ಮೊನ್ನೆ ಬಂದು, ಇವನ ಮನೆಯವರ ವಿಷಯ ಯಾರಿಗೆ ಗೊತ್ತು ಅಂತ ಕೇಳಿದ್ರು. ನಾನು ಕೈ ಎತ್ತಿದೆ. ಬದುಕೋ ಆಸೆ. ತಪ್ಪಾಯ್ತು."

ಬೀದಿಯ ತುದಿಯಲ್ಲಿ ಜೀಪು ನಿಂತಿತ್ತು. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಮಗನ ಸಂಬಳ ನಿಂತ ಮೇಲೆ ಕಡಿಮೆ ಬಾಡಿಗೆಗೆಂದು ಬಂದ ಈ ಬೀದಿಯಲ್ಲಿ ಅವನ ಮುಖ ಕಂಡವರಿರಲಿಲ್ಲ. ಮಗ ಬಂದ ಮನೆಯಲ್ಲಿ ತಾಯಿ ಗೋಳಾಡಿದರೆ ಕೇಳಿದವರು ಏನೆಂದುಕೊಳ್ಳುತ್ತಾರೆ? ಅಕ್ಕ ಟವೆಲನ್ನು ಬಾಯಿಗೆ ತುರುಕಿಕೊಂಡು ಅತ್ತಳು. ನಾನು ಅವಳ ಬೆನ್ನು ಹಿಡಿದುಕೊಂಡು ಕೂತೆ. ಆ ಹುಡುಗ ಮೂಲೆಯಲ್ಲಿ ನಿಂತೇ ಇದ್ದ, ಕೂರು ಎನ್ನುವ ಚೈತನ್ಯ ನಮ್ಮಿಬ್ಬರಿಗೂ ಇರಲಿಲ್ಲ.

ನನ್ನ ಬಾಯಿ ಸುಮ್ಮನಿದ್ದೀತೆ? "ಯಾಕೆ ಹೌದು ಅಂದೆ? ಕಾಣೆಯಾದವರ ಪಟ್ಟಿಯಿಂದ ನಮ್ಮ ಹುಡುಗನ ಹೆಸರೇ ಹೊಡೆದು ಹಾಕಿದ್ರಲ್ಲ" ಎಂದು ಮರುದಿನ ಹರಿಹಾಯ್ದೆ.

"ಇವನಿಗೂ ಒಬ್ಬಳು ತಾಯಿ ಇರ್ತಾಳೆ ಕಣೇ" ಎಂದಳು ಅಕ್ಕ. ಅಷ್ಟೇ.

ಆ ತಾಯಿ ದೂರದ ಊರಿನಿಂದ ತಿಂಗಳಿಗೊಮ್ಮೆ ಬರುತ್ತಾಳೆ. ನೆರೆಯವರಿಗೆ ಅವಳು ಅಕ್ಕನ ನಾದಿನಿ. ಬಾಗಿಲು ಹಾಕಿದ ಮೇಲೆ ಮಗನ ತಲೆ ನೇವರಿಸುತ್ತಾಳೆ, ಆಗ ಅಕ್ಕ ಅಡುಗೆಮನೆಯಿಂದ ಹೊರಗೆ ಬರುವುದಿಲ್ಲ. ನಿಯೋಗದ ಕೋರಿಕೆಯ ಮೇರೆಗೆ ಯುವಕನ ಬಿಡುಗಡೆ ಎಂದು ಪತ್ರಿಕೆಯಲ್ಲಿ ಒಪ್ಪಂದದ ಫೋಟೋದ ಕೆಳಗೆ ಅಚ್ಚಾಗಿತ್ತು. ಮುಂದಿನ ವರ್ಷ ಇನ್ನೊಂದು ನಿಯೋಗ ಬಂತು. ಅದೇ ದುಭಾಷಿ ಹುಡುಗಿಯನ್ನು ಮೆಟ್ಟಿಲ ಬಳಿ ತಡೆದು, ನಮ್ಮ ಹುಡುಗನ ಕಡತ ಮತ್ತೆ ತೆಗೆಯಲಾಗುತ್ತದೆಯೇ ಎಂದೆ. ಅವಳಿಗೆ ಎಲ್ಲ ಗೊತ್ತಿತ್ತು ಅನ್ನಿಸುತ್ತದೆ, ಮುಖ ಬಿಳಿಚಿಕೊಂಡಿತು. "ಅದು ಮುಗಿದಿದೆ. ಅವರ ವರದಿಯಲ್ಲಿ ಒಳ್ಳೇದಾಗಿದ್ದು ಅದೊಂದೇ" ಎಂದು ಹೇಳಿ ಸರಸರ ಹತ್ತಿ ಹೋದಳು.

ಬಿಡುಗಡೆಯ ಕರಾರಿನಂತೆ ಪ್ರತಿ ಸೋಮವಾರ ಅವನು ಸ್ಟೇಷನ್ನಿನಲ್ಲಿ ಸಹಿ ಹಾಕಬೇಕು. ಅಕ್ಕನೂ ಜೊತೆಗೆ ಹೋಗುತ್ತಾಳೆ. ಅವನು ಸತ್ತವನ ಹೆಸರನ್ನು ಬರೆಯುತ್ತಾನೆ, ಅವಳು ಪಕ್ಕದಲ್ಲಿ ನಿಂತು ಒಂದೊಂದು ಅಕ್ಷರವನ್ನೂ ನೋಡುತ್ತಾಳೆ. ಮೇಜಿನ ಹಿಂದಿನ ಪೊಲೀಸಪ್ಪ ಪುಸ್ತಕ ಮುಚ್ಚುತ್ತ ಪ್ರತಿ ವಾರವೂ ಕೇಳುತ್ತಾನೆ: "ಮಗ ಹೇಗಿದಾನಮ್ಮ?"

"ಚೆನ್ನಾಗಿದಾನೆ ಸಾರ್" ಎನ್ನುತ್ತಾಳೆ ಅಕ್ಕ.